ದೇವಾಲಯವಿಲ್ಲದ ದೇವಜನ

ಅಬ್ರಹಾಮನ ಸಂತತಿಯವರಿಗೆ ಸತ್ಯವೇದದಲ್ಲಿ ಇಬ್ರಿಯರು, ಇಸ್ರಾಯೇಲ್ಯರು, ಯೆಹೂದ್ಯರು ಎಂಬ ಮೂರು ಹೆಸರುಗಳುಂಟು. ಯೆಹೂದವೆಂಬ ಸೀಮೆಯ ಹೆಸರು ಒಂದು ಮತದ ಹೆಸರಾದದ್ದು ಹೇಗೆಂಬುದನ್ನು ಈ ಪಾಠದಲ್ಲಿ ವಿಚಾರಿಸೋಣ.

ಸೊಲೊಮೋನನ ತರುವಾಯ ರಾಜ್ಯವು ಎರಡಾಯಿತು. ಉತ್ತರ ರಾಜ್ಯದ ಸಮಾರ್ಯ ಪಟ್ಟಣವು ಕ್ರಿ.ಪೂ. 722ರ ಸುಮಾರಿಗೆ ಅಶ್ಶೂರ್ಯರ ವಶವಾಯಿತು. ಉಳಿದ ಯೆಹೂದದ ಅರಸನಾದ ಯೆಹೋಯಾಖೀನನನ್ನು ಬಾಬೆಲಿನ ನೆಬೂಕದ್ನೆಚ್ಚರನು 597ರಲ್ಲಿ ಸೆರೆಯೊಯ್ದನು. 586ರ ಸುಮಾರಿಗೆ ಅವನ ದಂಡು ಯೆರೂಸಲೇಮಿನ ದೇವಾಲಯವನ್ನು ಸುಟ್ಟುಬಿಟ್ಟಿತು. ಸೆರೆಯಲ್ಲಿದ್ದ ಯೆಹೋಯಾಖೀನನಿಗೂ ಅವನ ಐದು ಮಂದಿ ಮಕ್ಕಳಿಗೂ ಎಣ್ಣೆಯನ್ನು ಅಳೆದುಕೊಟ್ಟ ಲೆಕ್ಕವು ಬಾಬೆಲಿನಲ್ಲಿ ಅಗೆದು ತೆಗೆದ ಮಣ್ಣಿನ ಹಲಗೆಗಳಲ್ಲಿ ಇಂದಿಗೂ ಓದಲು ಸಿಕ್ಕುತ್ತದೆ.

ದೇವಾಲಯವು ಬಿದ್ದರೆ ಅದರ ದೇವರೂ ಸೋತನೆಂದು ಆ ಕಾಲದಲ್ಲಿ ಅನೇಕರು ಎಣಿಸುತ್ತಿದ್ದರು. ಹಾಗಾದರೆ ಅರಸನೂ ಯಜ್ಞವೇದಿಯೂ ಸ್ವದೇಶವೂ ಇಲ್ಲದ ಈ ಜನವು ಏಕೆ ಅಳಿಯಲಿಲ್ಲ? ಯೆಹೋವನು ಸೋಲಲಿಲ್ಲ, ನಮ್ಮ ಪಾಪವನ್ನು ದಂಡಿಸಿದನು, ಪರದೇಶದಲ್ಲಿಯೂ ನಮ್ಮ ಮೊರೆಯನ್ನು ಕೇಳುವನು ಎಂದು ಪ್ರವಾದಿಗಳಿಂದ ಅವರು ಕಲಿತರು. ಮನೆಗಳನ್ನು ಕಟ್ಟಿ, ತೋಟಗಳನ್ನು ಮಾಡಿ, ಸೆರೆಯ ಪಟ್ಟಣದ ಕ್ಷೇಮಕ್ಕಾಗಿಯೂ ಪ್ರಾರ್ಥಿಸಬೇಕೆಂದು ಯೆರೆಮೀಯನು ಅವರಿಗೆ ಪತ್ರವನ್ನು ಬರೆದನು. ಹಿರಿಯರು ಯೆಹೆಜ್ಕೇಲನ ಮನೆಯಲ್ಲಿ ಅವನ ಮುಂದೆ ಕೂತರು. ಬಾಬೆಲಿನವರಲ್ಲಿ ಇಲ್ಲದ ಸುನ್ನತಿಯು ಇವರಿಗೆ ಗುರುತಾಯಿತು. ಸಬ್ಬತ್ತು, ಪ್ರಾರ್ಥನೆ, ಪಿತೃಗಳಿಂದ ಬಂದ ವಚನ, ಇವುಗಳನ್ನು ಯಾವ ಬೆಂಕಿಯೂ ಸುಡಲಾರದಷ್ಟೆ.

539ರಲ್ಲಿ ಪಾರಸಿಯ ಅರಸನಾದ ಕೋರೆಷನು ಬಾಬೆಲನ್ನು ಹಿಡಿದು, ಇವರು ಹಿಂದಿರುಗುವುದಕ್ಕೆ ಅಪ್ಪಣೆಕೊಟ್ಟನು. 515ರಲ್ಲಿ ಎರಡನೆಯ ದೇವಾಲಯವು ಮುಗಿಯಿತು. ಆದರೂ ಜನರನ್ನು ನೆಲೆಗೊಳಿಸಿದ್ದು ಕಲ್ಲಿನ ಕಟ್ಟಡ ಮಾತ್ರವಲ್ಲ. ತರುವಾಯ ಎಜ್ರನು ನೀರುಬಾಗಲಿನ ಮುಂದಣ ಬಯಲಿನಲ್ಲಿ, ಸ್ತ್ರೀಪುರುಷರೆಲ್ಲರ ಮುಂದೆ, ಉದಯದಿಂದ ಮಧ್ಯಾಹ್ನದವರೆಗೆ ಧರ್ಮಶಾಸ್ತ್ರವನ್ನು ಓದಿದನು. ಲೇವಿಯರು ಅದರ ಅರ್ಥವನ್ನು ಬಿಡಿಸಿ ತಿಳಿಸಿದರು. ಯೆಹೂದ್ಯ ಮತದ ಅಸ್ತಿವಾರವು ಇಲ್ಲಿದೆ: ಜನರು ಕೂಡುವುದು, ವಚನವನ್ನು ಓದುವುದು, ತಿಳಿದು ನಡೆಯುವುದು. ಕಾಲಾಂತರದಲ್ಲಿ ಊರೂರುಗಳಲ್ಲಿ ಸಭಾಮಂದಿರಗಳಾದವು. ನಮ್ಮ ಕರ್ತನು ನಜರೇತಿನಲ್ಲಿ ಎದ್ದುನಿಂತು ಓದಿದ್ದು ಇಂಥದೊಂದರಲ್ಲಿಯೇ. ಕ್ರಿ.ಶ. 70ರಲ್ಲಿ ರೋಮಾಯರು ಎರಡನೆಯ ದೇವಾಲಯವನ್ನು ಕೆಡವಿದಾಗಲೂ ಆ ಜನರನ್ನು ಈ ಅಭ್ಯಾಸವೇ ಕೂಡಿಸಿ ಹಿಡಿಯಿತು.

ನಮ್ಮ ಸಣ್ಣ ಸಭೆಗಳಲ್ಲಿ ಪ್ರಾರ್ಥನಾಲಯದ ಮಾಡು ಸೋರುವುದುಂಟು. ಬೋಧಕರು ಬಾರದ ಆದಿತ್ಯವಾರಗಳೂ ಉಂಟು. ಅಂದು ಆರಾಧನೆಯಿಲ್ಲವೆಂದು ಮನೆಗೆ ಹಿಂದಿರುಗುವೆವೋ? ಹಿರಿಯನೊಬ್ಬನ ಜಗಲಿಯ ಮೇಲೆ ಕೂಡೋಣ. ಓದಬಲ್ಲ ಮಗುವಿನ ಕೈಯಲ್ಲಿ ವೇದಪುಸ್ತಕವನ್ನು ಕೊಡೋಣ. ಓದಿದ್ದನ್ನು ಅಕ್ಷರವರಿಯದ ಅಜ್ಜಿಗೂ ತಿಳಿಯುವಂತೆ ಹೇಳೋಣ. ನೆಹೆಮೀಯನ ಗ್ರಂಥದ 8ನೆಯ ಅಧ್ಯಾಯದಿಂದಲೇ ಇದನ್ನು ಆರಂಭಿಸಬಹುದು.