ಮೊದಲು ನೋಟ, ಆಮೇಲೆ ಕೋವಿ

ಇಂಗ್ಲೆಂಡಿನ ಒಕ್ಕಲಿಗರಿಗೆ ವುಡ್ ಪಿಜನ್ ಎಂಬ ಕಾಡು ಪಾರಿವಾಳದ ಕಾಟ ಬಹಳ. ಸಾಸಿವೆ ಜಾತಿಯ ರೇಪ್ ಬೆಳೆಯ ಎಳೆ ಎಲೆ, ಬಟಾಣಿ, ಬಿತ್ತಿದ ಕಾಳು ಎಲ್ಲವನ್ನೂ ಹಿಂಡುಗಟ್ಟಿ ತಿನ್ನುತ್ತದೆ. ಬೆದರಿಸುವ ಉಪಾಯ ಸಾಲದಾದಾಗ, ಸರಕಾರದ ಪರವಾನಿಗೆಯ ಕಟ್ಟಳೆಗೆ ಒಳಪಟ್ಟು ಅದನ್ನು ಕೋವಿಯಿಂದ ಹೊಡೆಯುವುದುಂಟು.

ಅಲ್ಲಿ ಬೇಟೆಯ ದಿನ ಫಲಿಸುವುದು ಹಿಂದಿನ ದಿನದ ನೋಟದಿಂದ. ಹಕ್ಕಿ ಯಾವ ತೋಪಿನಿಂದ ಹೊರಟು, ಯಾವ ಬೇಲಿಯ ಗುಂಟ ಹಾರಿ, ಹೊಲದ ಯಾವ ಮೂಲೆಗೆ ಇಳಿಯುವುದೆಂದು ಮೊದಲು ಗುರುತಿಸುತ್ತಾರೆ. ಮರುದಿನ ಅಲ್ಲಿ ಮರೆ ಕಟ್ಟಿ, ಗಾಳಿಗೆ ಬೆನ್ನು ಕೊಟ್ಟು ಕೂರುತ್ತಾರೆ. ಏಕೆಂದರೆ ಹಕ್ಕಿ ಗಾಳಿಗೆ ಎದುರಾಗಿ ಇಳಿಯುತ್ತದೆ. ಮುಂದೆ ಬೊಂಬೆ ಪಾರಿವಾಳಗಳನ್ನು ಹರಡಿ, ನಡುವೆ ಇಳಿಯಲು ಜಾಗ ಬಿಡುತ್ತಾರೆ. ಹದವಾದ ಗಾಳಿಯಿದ್ದರೆ ಅನುಕೂಲ. ಗಾಳಿಯಿಲ್ಲದ ದಿನ ಹಕ್ಕಿ ಎತ್ತಲಿಂದಲಾದರೂ ಬಂದೀತು.

ನಮ್ಮ ದೇಶದಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಇರುವುದರಿಂದ ಕಾಡು ಹಕ್ಕಿಗೆ ಕೋವಿ ಎತ್ತತಕ್ಕದ್ದಲ್ಲ. ಆದರೆ ಆ ನೋಡುವ ಕ್ರಮ ನಮಗೂ ಬೇಕು. ಕಡಲೆ, ಶೇಂಗಾ ಬಿತ್ತಿದ ಹೊಲಕ್ಕೆ ಪಾರಿವಾಳ ಬೀಳುತ್ತಿದ್ದರೆ, ಬೆಳಿಗ್ಗೆ ಸಂಜೆ ಬದುವಿನ ಮೇಲೆ ಕುಳಿತು ಅದು ಬರುವ ದಾರಿ ತಿಳಿಯಿರಿ. ಬೆದರುಗೊಂಬೆಯೂ ಕಾವಲುಗಾರನೂ ಆ ದಿಕ್ಕಿಗೇ ಇರಲಿ. ಗೊಂಬೆಯ ಜಾಗವನ್ನು ಆಗಾಗ ಬದಲಿಸಿರಿ; ಒಂದೇ ಕಡೆ ನಿಂತ ಗೊಂಬೆಗೆ ಹಕ್ಕಿ ಹೆದರುವುದು ನಾಲ್ಕೇ ದಿನ.