ಕೆಂಚನ ಜೊತೆ ನಾಲೆ ಏರಿ ಹಿಡಿದು

ನಾಯಿ ಕರೆದುಕೊಂಡು ಚಾರಣ ಹೋಗಬೇಕು ಅನ್ನುವವರು ದಾವಣಗೆರೆ ಸೀಮೆಯನ್ನು ಹುಡುಕಿಕೊಂಡು ಬರುವುದಿಲ್ಲ. ಅವರಿಗೆ ಮುಳ್ಳಯ್ಯನಗಿರಿ ಬೇಕು, ಕೊಡಚಾದ್ರಿ ಬೇಕು, ಫೋಟೊಗೆ ಮಂಜು ಬೇಕು. ನಮ್ಮ ಲೋಕಿಕೆರೆ ಸುತ್ತ ಇರುವುದು ಗದ್ದೆ, ತೋಟ, ಮೆಕ್ಕೆಜೋಳದ ಹೊಲ, ನಡುನಡುವೆ ಭದ್ರಾ ನಾಲೆಯ ಕವಲು. ಗುಡ್ಡ ಕಾಣಬೇಕೆಂದರೆ ಹರಿಹರ ತಾಲ್ಲೂಕಿನ ಕೊಂಡಜ್ಜಿಗೆ ಹೋಗಬೇಕು, ಇಲ್ಲವೇ ಚನ್ನಗಿರಿ ಕಡೆ ಸೂಳೆಕೆರೆಯ ದಿಕ್ಕು ಹಿಡಿಯಬೇಕು. ಆದರೆ ಗುಡ್ಡ ಎಷ್ಟು ಎತ್ತರ ಅನ್ನುವುದು ನಾಯಿಗೆ ಲೆಕ್ಕಕ್ಕಿಲ್ಲ. ಅದಕ್ಕೆ ಕಾಲಿಗೆ ಮಣ್ಣಿನ ದಾರಿ, ಮೂಗಿಗೆ ಬದು ಇದ್ದರೆ ಸಾಕು. ನಾಲೆ ಏರಿ ಮೇಲೆ ಎರಡೂ ಮೈಲುಗಟ್ಟಲೆ ಸಿಗುತ್ತವೆ.

ನನ್ನ ಕೆಂಚ ಜಾತಿ ನಾಯಿಯಲ್ಲ. ನಮ್ಮ ಕಣದ ಬಣವೆ ಸಂದಿಯಲ್ಲಿ ಹುಟ್ಟಿದ ಕಂದು ಬಣ್ಣದ ನಾಟಿ. ಅವನನ್ನು ಜೊತೆಗಿಟ್ಟುಕೊಂಡು ಹೆಗಲಿಗೆ ಟೆಂಟು ಏರಿಸಿ ಹೊರಟಾಗ ಊರಿನವರು ನಕ್ಕರು. ಮನೆ ಇಲ್ಲದವರ ಥರ ಹೊಲದಾಗೆ ಯಾಕೆ ಮಲಗ್ತೀಯಪ್ಪಾ ಅಂತ ಅವ್ವ ಕೇಳಿದಳು. ನಾಯಿ ಕಟ್ಟಿಕೊಂಡು ಹೊಲದಲ್ಲಿ ಮಲಗುವುದು ನಮ್ಮ ಕಡೆ ಹೊಸ ಮಾತೇನಲ್ಲ. ಅದನ್ನು ಜೀವನವನ್ನಾಗಿ ಮಾಡಿಕೊಂಡವರು ವರ್ಷಾ ವರ್ಷಾ ನಮ್ಮ ಗದ್ದೆಗೇ ಬರುತ್ತಾರೆ. ನಾನು ಕಲಿತದ್ದರಲ್ಲಿ ಮುಕ್ಕಾಲು ಪಾಲು ಅವರಿಂದ.

ಕುರಿಗಾಹಿಗಳ ಮಾತು ಹೇಳುತ್ತಿದ್ದೇನೆ. ಭತ್ತದ ಕಟಾವು ಮುಗಿಯುತ್ತಿದ್ದ ಹಾಗೆ ಕುರಿಮಂದೆಗಳು ಬಂದಿಳಿಯುತ್ತವೆ. ಕತ್ತೆ ಮೇಲೋ ಕುದುರೆ ಮೇಲೋ ಬಲೆ, ಕಂಬಳಿ, ಪಾತ್ರೆ, ನಡೆಯಲಾರದ ಮರಿಗಳು. ರಾತ್ರಿ ಹೊಲದಲ್ಲಿ ಮಂದೆ ನಿಲ್ಲಿಸಿದರೆ ಹಿಕ್ಕೆ, ಗಂಜಲ ನೇರ ಮಣ್ಣು ಸೇರುತ್ತದೆ. ಅದಕ್ಕೆ ಹೊಲದ ಯಜಮಾನ ದುಡ್ಡೋ ಕಾಳೋ ಕೊಡುತ್ತಾನೆ. ಮಂದೆ ಜೊತೆ ನಾಯಿಗಳಿರುತ್ತವೆ. ಅವುಗಳಿಗೆ ಕೊರಳಪಟ್ಟಿಯೂ ಇಲ್ಲ, ತೋರಿಸಿಕೊಳ್ಳುವ ಅಬ್ಬರವೂ ಇಲ್ಲ.

ಒಂದು ಸಂಜೆ ಅಂಥ ಮಂದೆಯ ಕಡೆಗೆ ಕೆಂಚನೂ ನಾನೂ ಬದು ದಾಟಿ ಇಳಿದೆವು. ಮೂರು ನಾಯಿಗಳು ಬೊಗಳದೆ, ತಲೆ ತಗ್ಗಿಸಿ, ನೆಲಕ್ಕೆ ಅಂಟಿದಂತೆ ಓಡಿಬಂದವು. ಬೊಗಳುವ ನಾಯಿಗಿಂತ ಬೊಗಳದೆ ಬರುವ ನಾಯಿಗೆ ಹೆದರಬೇಕು ಅಂತ ಹಳ್ಳಿಯಲ್ಲಿ ಬೆಳೆದ ಎಲ್ಲರಿಗೂ ಗೊತ್ತು. ಕೆಂಚ ಬಾಲ ಹೊಟ್ಟೆಗಂಟಿಸಿಕೊಂಡು ನನ್ನ ಕಾಲಿಗೆ ಸುತ್ತಿದ. ಬಗ್ಗಿ ಅವನನ್ನು ಎತ್ತಬೇಕು ಅನ್ನುವಷ್ಟರಲ್ಲಿ ಆ ಕಡೆಯಿಂದ ಹಿರಿಯ ಕುರಿಗಾಹಿಯೊಬ್ಬರ ಕೂಗು ಬಂತು: “ಎತ್ಕಬ್ಯಾಡ್ರೀ! ನಿಂತಲ್ಲೇ ನಿಂದ್ರಿ!” ಬಾಯಲ್ಲಿ ಅವರು ಏನೋ ಸದ್ದು ಮಾಡಿದರು, ಮೂರೂ ನಿಂತವು. ಎತ್ತಿಕೊಂಡಿದ್ದರೆ ನಾಯಿಗಳು ಕೆಂಚನಿಗಾಗಿ ನನ್ನ ಎದೆಗೇ ಹಾರುತ್ತಿದ್ದವು ಅಂತ ಆಮೇಲೆ ಹೇಳಿದರು.

“ಮಂದಿ ಕಂಡ ಕೂಡ್ಲೇ ದೂರದಿಂದ್ಲೇ ಕೂಗ್ಬೇಕು ತಮ್ಮಾ, ನಾಯಿ ಹಿಡ್ಕಳ್ರಪ್ಪೋ ಅಂತ. ನೀನು ಸುಮ್ನೆ ಬಂದ್ರೆ ಕಳ್ಳ, ಕೂಗ್ಕೊಂಡು ಬಂದ್ರೆ ನೆಂಟ.”

ಆ ಹಿರಿಯರು ನಾಯಿಗಳಿಗೆ ಪರಿಚಯ ಮಾಡಿಸಿದ ರೀತಿ ನನಗೆ ಯಾವ ಪುಸ್ತಕದಲ್ಲೂ ಸಿಕ್ಕಿರಲಿಲ್ಲ. ಎದುರುಬದುರು ತಂದು ನಿಲ್ಲಿಸಲಿಲ್ಲ. ಅವರ ನಾಯಿಯೊಂದನ್ನು ಕರೆದುಕೊಂಡು ಅವರು ಮುಂದೆ ನಡೆದರು, ನಾನು ಕೆಂಚನ ಜೊತೆ ಹತ್ತು ಮಾರು ಹಿಂದೆ. ಎಲ್ಲರೂ ಒಂದೇ ದಿಕ್ಕಿಗೆ, ಬಾವಿ ಕಡೆಗೆ. ನನ್ನ ಕೈ ನೋಡಿ, “ಹಗ್ಗ ಸಡ್ಲ ಬಿಡು” ಅಂದರು. ಹಗ್ಗ ಬಿಗಿದಷ್ಟೂ ಕೆಂಚನ ಎದೆ ಮುಂದಕ್ಕೆ ಸೆಟೆಯುತ್ತಿತ್ತು, ಅದನ್ನು ಕಂಡು ಎದುರಿನ ನಾಯಿ ಹಲ್ಲು ತೋರಿಸುತ್ತಿತ್ತು. ಸಡಿಲ ಬಿಟ್ಟ ಮೇಲೆ ಅವನ ತಲೆ ನೆಲಕ್ಕಿಳಿದು ಮೂಸುವ ಕೆಲಸಕ್ಕೆ ತೊಡಗಿತು. ಬಾವಿ ತಲುಪುವ ಹೊತ್ತಿಗೆ ಆ ನಾಯಿ ಹಿಂದೆ ಬಂದು ಅವನನ್ನು ಮೂಸಿ ತನ್ನ ದಾರಿ ಹಿಡಿಯಿತು. ಅಂದಿನಿಂದ ಊರ ನಾಯಿಗಳ ಗುಂಪು ಅಡ್ಡ ಬಂದಾಗಲೂ ನಾನು ಮೊದಲು ನೋಡಿಕೊಳ್ಳುವುದು ನನ್ನ ಮುಷ್ಟಿಯನ್ನು.

ರಾತ್ರಿ ಅವರ ಬಲೆ ಪಕ್ಕದಲ್ಲೇ ಟೆಂಟು ಹಾಕಿದೆ. ಕೆಂಚ ಹೊರಗೆ ಕಾವಲಿರುತ್ತಾನೆ ಅಂದದ್ದಕ್ಕೆ ಅವರಿಗೆ ನಗು. ಮಂದೆ ನಾಯಿಗಳು ಹಗಲೆಲ್ಲ ಜಾಲಿ ನೆರಳಲ್ಲಿ ಮಲಗಿ ರಾತ್ರಿ ಮಂದೆಯ ಸುತ್ತ ಒಂದೊಂದು ಮೂಲೆ ಹಿಡಿಯುತ್ತವೆ. “ಹಗಲು ನಡ್ಸಿ ರಾತ್ರಿ ಕಾವ್ಲೂ ಮಾಡು ಅಂದ್ರೆ ನೀನು ಮಾಡ್ತೀಯೇನು?” ಅಂದರು. ನ್ಯಾಯವಾದ ಪ್ರಶ್ನೆ. ದಿನವಿಡೀ ನಡೆದ ನಾಯಿಗೆ ನಮಗಿಂತ ಹೆಚ್ಚು ನಿದ್ದೆ ಬೇಕು. ಹೊರಗೆ ಕಟ್ಟಿದರೆ ಪ್ರತಿ ಸದ್ದಿಗೂ ಎದ್ದು ಬೆಳಿಗ್ಗೆ ಕುಂಟುತ್ತದೆ. ಇನ್ನೊಂದು ಕಾರಣವೂ ಉಂಟು. ಚನ್ನಗಿರಿ, ಹೊನ್ನಾಳಿ, ನ್ಯಾಮತಿ ಕಡೆ ಚಿರತೆ ಓಡಾಟ ಹೊಸದಲ್ಲ, ಚಿರತೆಗೆ ನಾಯಿಗಿಂತ ಸಲೀಸಾದ ಬೇಟೆ ಇಲ್ಲ. ಗೂಟಕ್ಕೆ ಕಟ್ಟಿದ ನಾಯಿಯಂತೂ ಬಾಯಿಗಿಟ್ಟ ತುತ್ತು. ಹಾಗಾಗಿ ಕೆಂಚ ಟೆಂಟಿನೊಳಗೆ, ನನ್ನ ಕಾಲ ಹತ್ತಿರ, ಹಳೇ ಗೋಣಿಚೀಲದ ಮೇಲೆ ಮಲಗುತ್ತಾನೆ. ವಾಸನೆ ಬರುತ್ತದೆ, ಬರಲಿ.

ತಂಗುವ ಜಾಗಕ್ಕೆ ಯಾರನ್ನಾದರೂ ಕೇಳಲೇಬೇಕು. ನಮ್ಮ ಸೀಮೆಯಲ್ಲಿ ಖಾಲಿ ಬಿದ್ದ ಜಾಗ ಕಾಣುತ್ತದೆ, ಯಜಮಾನನಿಲ್ಲದ ಜಾಗ ಇಲ್ಲ. “ಯಾವೂರು? ಯಾರ ಪೈಕಿ?” ಅನ್ನುವ ಎರಡು ಪ್ರಶ್ನೆ ದಾಟಿದರೆ ಮೂರನೆಯದು ಬರುತ್ತದೆ: “ನಿನ್ ನಾಯಿ ಕೋಳಿ ಹಿಡಿತೈತೇನು?” ಇದಕ್ಕೆ ನಿಜ ಹೇಳುವುದು ಒಳ್ಳೆಯದು. ನಾನು ಹಗ್ಗ ತೋರಿಸಿ, ಬೆಳಗಾಗುವ ತನಕ ಬಿಚ್ಚುವುದಿಲ್ಲ ಅನ್ನುತ್ತೇನೆ.

ಹಗ್ಗ ಬಿಚ್ಚದಿರಲು ಕೋಳಿ ಒಂದೇ ಕಾರಣವಲ್ಲ. ಗದ್ದೆ ಬದುವಿನ ಬಿಲಗಳ ಬಳಿ ಇಲಿಗೆ ಇಟ್ಟ ಜಿಂಕ್ ಫಾಸ್ಫೈಡ್ ಬೆರೆಸಿದ ಕಾಳು ಇರುತ್ತದೆ. ಎಣ್ಣೆ ಸವರಿದ್ದರಿಂದ ನಾಯಿಗೂ ಘಮ್ಮೆನ್ನುತ್ತದೆ. ಅದಕ್ಕೆ ಪ್ರತಿವಿಷ ಇಲ್ಲ. ಹಂದಿ ಕಾಟ ಇರುವ ಕಡೆ ಕದ್ದುಮುಚ್ಚಿ ಇಡುವ ಸಿಡಿಮದ್ದು, ಉರುಳು, ಬೇಲಿಗೆ ಹರಿಸಿದ ಕರೆಂಟು ಇವೆ. ಈ ಮೂರೂ ಕಾನೂನಿಗೆ ವಿರುದ್ಧ, ಆದರೆ ನಾಯಿ ಮೂಗಿಗೆ ಕಾನೂನು ಓದಲು ಬರುವುದಿಲ್ಲ. ಪೇಟೆಯಿಂದ ಬರುವ ಗೆಳೆಯರು ಹಳ್ಳಿ ಮುಟ್ಟಿದ ಕೂಡಲೇ ನಾಯಿ ಬಿಚ್ಚಿ “ಸ್ವಾತಂತ್ರ್ಯ” ಅನ್ನುತ್ತಾರೆ. ಪಾರ್ಕಿಗಿಂತ ಹೊಲವೇ ಅದಕ್ಕೆ ಹೆಚ್ಚು ಅಪಾಯ.

ನಾಲೆಯೂ ಅಷ್ಟೆ. ಕಾಂಕ್ರೀಟು ಹಾಕಿದ ಕಡೆ ಎರಡೂ ಮಗ್ಗುಲು ಇಳಿಜಾರು, ನೀರಿನ ಅಂಚಿಗೆ ಪಾಚಿ. ಒಮ್ಮೆ ಕೆಂಚ ನೀರು ಕುಡಿಯಲು ಮುಂಗಾಲು ಊರಿದ್ದೇ ತಡ, ಜಾರಿ ಪೂರ್ತಿ ಒಳಗೆ ಹೋದ. ನಾಯಿಗೆ ಈಜು ಬರುತ್ತದೆ ನಿಜ, ಆದರೆ ಅವನು ದಡಕ್ಕೆ ಬಂದು ಉಗುರು ಊರುತ್ತಾನೆ, ಜಾರುತ್ತಾನೆ, ಮತ್ತೆ ಊರುತ್ತಾನೆ. ಪ್ರತಿ ಸಲವೂ ನೀರಿನ ಸೆಳೆತ ಒಂದು ಮಾರು ಮುಂದಕ್ಕೆ ಒಯ್ಯುತ್ತದೆ. ಅವನಿಗೆ ಹಾಕಿದ್ದು ಕೊರಳಪಟ್ಟಿಯಲ್ಲ, ಎದೆ ಸುತ್ತುವ ಬೆಲ್ಟು. ಹಗ್ಗ ಅದಕ್ಕೇ ಕಟ್ಟಿತ್ತು. ಮೇಲಕ್ಕೆ ಎಳೆಯುವ ಬದಲು ಹಗ್ಗ ಹಿಡಿದು ನೀರು ಹರಿಯುವ ದಿಕ್ಕಿಗೇ ಏರಿ ಮೇಲೆ ನಡೆದೆ, ಅವನು ಕೆಳಗೆ ಈಜುತ್ತಾ ಬಂದ. ಬಟ್ಟೆ ಒಗೆಯುವ ಮೆಟ್ಟಿಲು ಸಿಕ್ಕಿದಲ್ಲಿ ತಾನೇ ಹತ್ತಿ ಬಂದು ಮೈ ಕೊಡವಿದ. ಕೊರಳಿಗೆ ಕಟ್ಟಿದ್ದರೆ ಎಳೆದ ಕೈಯಿಂದಲೇ ಉಸಿರು ಕಟ್ಟುತ್ತಿತ್ತು. ಈಗ ನಾಲೆಯಲ್ಲಿ ಅವನಿಗೆ ನೀರು ಕುಡಿಸುವುದಿಲ್ಲ. ತಂಬಿಗೆಯಲ್ಲಿ ಎತ್ತಿ ಬಟ್ಟಲಿಗೆ ಸುರಿಯುತ್ತೇನೆ. ಗದ್ದೆಯಲ್ಲಿ ನಿಂತ ನೀರಂತೂ ಬೇಡವೇ ಬೇಡ: ಹೊಡೆದ ಔಷಧಿ ಅದರಲ್ಲೇ, ಇಲಿ ಉಚ್ಚೆಯೂ ಅದರಲ್ಲೇ. ಇಲಿಜ್ವರ ನಾಯಿಗೂ ಬರುತ್ತದೆ, ನಾಯಿಯಿಂದ ನಮಗೂ ಬರುತ್ತದೆ. ರೇಬಿಸ್ ಚುಚ್ಚುಮದ್ದಿನ ಜೊತೆ ಅದರ ಲಸಿಕೆಯನ್ನೂ ಕೇಳಿ ಹಾಕಿಸಬೇಕು.

ಊಟದ ವಿಷಯದಲ್ಲಿ ದಾವಣಗೆರೆಯವರಿಗೆ ಒಂದು ಸಂಕಟ. ಬುತ್ತಿ ಅಂದರೆ ನಮಗೆ ಮಂಡಕ್ಕಿ, ಮಂಡಕ್ಕಿ ಅಂದರೆ ಈರುಳ್ಳಿ. ಈರುಳ್ಳಿ, ಬೆಳ್ಳುಳ್ಳಿ ಹಸಿಯಿರಲಿ ಬೆಂದಿರಲಿ ನಾಯಿಯ ಕೆಂಪು ರಕ್ತಕಣಗಳನ್ನು ಒಡೆಯುತ್ತವೆ. ಕೆಂಚನಿಗೆ ಒಗ್ಗರಣೆ ತಾಕದ ಅನ್ನ, ಬೇಯಿಸಿದ ಮೊಟ್ಟೆ, ಇಲ್ಲದಿದ್ದರೆ ಮಜ್ಜಿಗೆಯಲ್ಲಿ ನೆನೆಸಿದ ರೊಟ್ಟಿ. ನಡೆಯುವ ಮುಂಚೆ ಹೊಟ್ಟೆ ತುಂಬಾ ಹಾಕುವುದಿಲ್ಲ, ನಿಂತ ಮೇಲೆ ಊಟ.

ಕುರಿಗಾಹಿಗಳಿಂದ ಎಲ್ಲವನ್ನೂ ಕಲಿಯಬೇಕಾಗಿಲ್ಲ ಅನ್ನುವುದಕ್ಕೂ ಊಟದ್ದೇ ಉದಾಹರಣೆ. ಸತ್ತ ಕುರಿಯ ಹಸಿ ಒಳಾಂಗಗಳನ್ನು ನಾಯಿಗೆ ಎಸೆಯುವುದುಂಟು. ಕುರಿಯ ಯಕೃತ್ತು, ಪುಪ್ಪಸದಲ್ಲಿ ನೀರುಗುಳ್ಳೆಗಳಿದ್ದರೆ ಅವು ನಾಯಿ ಹೊಟ್ಟೆಯಲ್ಲಿ ಲಾಡಿಹುಳುವಾಗುತ್ತವೆ. ಅದರ ಮೊಟ್ಟೆ ನಾಯಿ ಮಲದಿಂದ ನಮ್ಮ ಕೈಗೆ, ಕೈಯಿಂದ ಬಾಯಿಗೆ ಬಂದು, ನಮ್ಮ ಯಕೃತ್ತಿನಲ್ಲೂ ಗುಳ್ಳೆ ಬೆಳೆಯುತ್ತದೆ. ಪಶುವೈದ್ಯರು ಇದನ್ನು ವಿವರಿಸಿದ ಮೇಲೆ ಪ್ರಾಜಿಕ್ವಾಂಟೆಲ್ ಇರುವ ಜಂತುಮಾತ್ರೆ ಕೆಂಚನಿಗೂ ಹಾಕಿದೆ, ಮುಂದಿನ ಸುಗ್ಗಿಗೆ ಮಂದೆ ಬಂದಾಗ ಆ ಹಿರಿಯರ ನಾಯಿಗಳಿಗೂ ಒಯ್ದೆ. ಅವರು ಗುಳಿಗೆಯನ್ನು ತಿರುಗಿಸಿ ನೋಡಿ, ರೊಟ್ಟಿ ತುಣುಕಿನಲ್ಲಿ ಮಡಚಿ ಹಾಕಿದರು. ಹಸಿ ಕರುಳು ಎಸೆಯುವುದನ್ನು ಬಿಟ್ಟರೋ ಇಲ್ಲವೋ ಕೇಳಲಿಲ್ಲ.

ನಡಿಗೆಯ ಕಾಲ ಕಾರ್ತಿಕದಿಂದ ಶಿವರಾತ್ರಿವರೆಗೆ. ಆಮೇಲೆ ನಮ್ಮ ಬಿಸಿಲಿಗೆ ನಾಯಿ ತಡೆಯದು. ಅದಕ್ಕೆ ನಮ್ಮ ಹಾಗೆ ಮೈಯೆಲ್ಲ ಬೆವರುವುದಿಲ್ಲ, ನಾಲಿಗೆ ಚಾಚಿ ತೇಕುವುದೇ ಮುಖ್ಯ ದಾರಿ. ಅದರ ಮೈಶಾಖ ಸಹಜವಾಗಿಯೇ 101ರಿಂದ 102.5 ಡಿಗ್ರಿ ಫ್ಯಾರನ್‌ಹೀಟ್ ಇರುತ್ತದೆ. 105 ದಾಟಿದರೆ ಜೀವಕ್ಕೆ ಅಪಾಯ. ಅಂಗೈ ಹಿಂಬದಿಯನ್ನು ಟಾರ್ ರಸ್ತೆಗೆ ಒತ್ತಿ ಏಳು ಎಣಿಸುವ ತನಕ ಇಡಲಾಗದಿದ್ದರೆ ನಾಯಿಯನ್ನು ಅದರ ಮೇಲೆ ನಡೆಸಬಾರದು. ನಾವು ಕೋಳಿ ಕೂಗುವಾಗ ಹೊರಟು, ಬಿಸಿಲು ಏರುವ ಮೊದಲೇ ಯಾವುದಾದರೂ ಹೊಂಗೆ ನೆರಳು ಸೇರಿ, ಇಳಿಹೊತ್ತಿಗೆ ಮತ್ತೆ ಏಳುತ್ತೇವೆ. ಕುರಿಗಳ ದಿನಚರಿಯೂ ಹೆಚ್ಚುಕಡಿಮೆ ಇದೇ.

ಆದರೆ ನಡಿಗೆಯ ಆ ಕಾಲದಲ್ಲೇ ಊಬಿನ ಹುಲ್ಲು ಒಣಗಿರುತ್ತದೆ. ಅದರ ಚೂಪು ಕಾಳು ಬೆರಳ ಸಂದಿಗೆ, ಕಿವಿಗೆ ಹೊಕ್ಕರೆ ಮುಂದೆ ಮುಂದೆ ಹೋಗುತ್ತದೆಯೇ ಹೊರತು ಹಿಂದಕ್ಕೆ ಬರುವುದಿಲ್ಲ. ಸಂಜೆ ಟೆಂಟು ಹಾಕುವುದಕ್ಕೂ ಮುಂಚೆ ಕೆಂಚನನ್ನು ಅಂಗಾತ ಮಲಗಿಸಿ ನಾಲ್ಕೂ ಪಾದ ಬಿಡಿಸಿ ನೋಡುತ್ತೇನೆ. ಉಣ್ಣಿ ಹುಡುಕುವುದೂ ಆಗಲೇ: ಕಿವಿ ಮಡಿಕೆ, ಕಂಕುಳು, ಬಾಲದ ಬುಡ. ಚಿಮಟದಲ್ಲಿ ಚರ್ಮಕ್ಕೆ ಒತ್ತಿ ಹಿಡಿದು ನೆಟ್ಟಗೆ ಎಳೆಯಬೇಕು. ಸೀಮೆಎಣ್ಣೆ ಸವರುವುದು, ಬೀಡಿ ತಾಗಿಸುವುದು ಬೇಡ. ವಾರದ ಮೇಲೆ ಊಟ ಬಿಟ್ಟು, ವಸಡು ಬಿಳಿಚಿಕೊಂಡರೆ ಉಣ್ಣಿಜ್ವರ ಇರಬಹುದು, ರಕ್ತ ಪರೀಕ್ಷೆ ಮಾಡಿಸಬೇಕು.

ಕಾಡಿಗೆ ಯಾಕೆ ಹೋಗುವುದಿಲ್ಲ ಅಂತ ಕೇಳುವವರಿದ್ದಾರೆ. ಜಿಲ್ಲೆಯಲ್ಲೇ ಜಗಳೂರು ತಾಲ್ಲೂಕಿನ ರಂಗಯ್ಯನದುರ್ಗ ಇದೆ, ಕೊಂಡುಕುರಿಗಾಗಿ 2011ರಲ್ಲಿ ಘೋಷಿಸಿದ ವನ್ಯಧಾಮ, ಸುಮಾರು 77 ಚದರ ಕಿಲೋಮೀಟರ್. ವನ್ಯಧಾಮಕ್ಕೆ ಸಾಕುನಾಯಿ ಒಯ್ಯುವಂತಿಲ್ಲ, ಒಯ್ಯಬಾರದು ಕೂಡ. ನಾಯಿ ಅಟ್ಟುವುದು ಒಂದು ತೊಂದರೆಯಾದರೆ, ಅದು ಬಿಟ್ಟುಬರುವ ರೋಗ ಇನ್ನೊಂದು. 2018ರಲ್ಲಿ ಗುಜರಾತಿನ ಗಿರ್‌ನಲ್ಲಿ ಸಿಂಹಗಳು ಸಾಲಾಗಿ ಸತ್ತಾಗ ಸಿಕ್ಕ ರೋಗಾಣುಗಳಲ್ಲಿ ನಾಯಿಗಳ ಡಿಸ್ಟೆಂಪರ್ ವೈರಸ್ ಕೂಡ ಇತ್ತು. ಇನ್ನು ಕೊಂಡಜ್ಜಿಯಲ್ಲಿ ಸ್ಕೌಟ್ಸ್ ಮತ್ತು ಗೈಡ್ಸ್ ಮಕ್ಕಳ ಶಿಬಿರ ನಡೆಯುತ್ತಿರುತ್ತದೆ. ಅಲ್ಲಿ ಬೆಳಗಿನ ಹೊತ್ತು ಕೆರೆ ದಂಡೆವರೆಗೆ ನಡೆದು ಮರಳುತ್ತೇವೆ, ಗುಡ್ಡದಲ್ಲಿ ತಂಗುವುದಿಲ್ಲ. ಸೂಳೆಕೆರೆಗೆ ಹೋದರೆ ಸಿದ್ಧನಾಲೆ, ಬಸವನಾಲೆ ಹಿಡಿದು ಅಚ್ಚುಕಟ್ಟಿನ ಊರುಗಳ ಕಡೆಗೆ.

ಎಂಥ ನಾಯಿ ಸಾಕಲಿ ಅನ್ನುವವರಿಗೆ ಸೈಬೀರಿಯಾದ ಹಸ್ಕಿಯನ್ನು ತಂದು ದಾವಣಗೆರೆಯಲ್ಲಿ ಎಸಿ ಹಾಕಿ ಸಾಕಬೇಡಿ ಅನ್ನುತ್ತೇನೆ. ಮುಧೋಳ ನಾಯಿ ನಮ್ಮದೇ, 2005ರಲ್ಲಿ ಅಂಚೆಚೀಟಿಯಲ್ಲೂ ಬಂತು. ಆದರೆ ಅದು ಕಣ್ಣಿಗೆ ಕಂಡದ್ದನ್ನು ಬೆನ್ನಟ್ಟುವ ಓಟಗಾರ, ಮೊಲ ಎದ್ದರೆ ಹಗ್ಗದ ಜೊತೆ ನಿಮ್ಮ ಭುಜವನ್ನೂ ಒಯ್ಯುತ್ತದೆ. ನಿಧಾನಕ್ಕೆ ದಿನವಿಡೀ ನಡೆಯಲು ನಾಟಿಯೇ ಸರಿ.

ಮರಳಿ ಬರುವಾಗ ಬಸ್ಸು. ಕೆಎಸ್‌ಆರ್‌ಟಿಸಿ 2022ರಿಂದ ನಾಯಿಗೆ ಅರ್ಧ ಟಿಕೆಟ್ ಮಾಡಿದೆ. ಸಾಮಾನ್ಯ ಬಸ್ಸುಗಳಲ್ಲಿ ಒಯ್ಯಬಹುದು, ರಾಜಹಂಸ, ಎಸಿ ಬಸ್ಸುಗಳಲ್ಲಿ ಆಗದು. ಸಂತೆಯ ದಿನ ಬಿಟ್ಟು, ರಶ್ಶಿಲ್ಲದ ಬಸ್ಸಿಗೆ ಕಾದು, ಹಿಂದಿನ ಸೀಟಿನ ಕೆಳಗೆ ಕೆಂಚನನ್ನು ತುರುಕಿ ಕೂರುತ್ತೇನೆ. ಕಳೆದ ಸಲ ಕಂಡಕ್ಟರ್ ನನಗೊಂದು, ಅವನಿಗರ್ಧ ಹರಿದುಕೊಟ್ಟರು. ಪಕ್ಕದಲ್ಲಿ ಶಕ್ತಿ ಯೋಜನೆಯ ಶೂನ್ಯ ಟಿಕೆಟನ್ನು ಸೆರಗಿನ ಗಂಟಿಗೆ ಸಿಕ್ಕಿಸುತ್ತಿದ್ದ ಅಜ್ಜಿ ಇದನ್ನೆಲ್ಲ ನೋಡಿ ಕೇಳಿದರು: “ಗಂಡು ನಾಯೇನಪ್ಪಾ ಅದು?” ಹೌದಮ್ಮ ಅಂದೆ. “ಹಂಗಾದ್ರೆ ದುಡ್ಡು ಕೊಡ್ಲಿ ಬಿಡು” ಅಂದರು.