ಕಡಲೆಕಾಯಿಯ ಎಲೆಚುಕ್ಕೆ ರೋಗ: ಗುರುತು ಮತ್ತು ಹತೋಟಿ

ಮುಂಗಾರಿನಲ್ಲಿ ಬಿತ್ತಿದ ಕಡಲೆಕಾಯಿ ಬೆಳೆ ಎಂಬತ್ತು–ತೊಂಬತ್ತು ದಿನ ದಾಟುವ ಹೊತ್ತಿಗೆ ಚಿತ್ರದುರ್ಗ, ತುಮಕೂರು, ಬಳ್ಳಾರಿ ಕಡೆಯ ಅನೇಕ ಹೊಲಗಳಲ್ಲಿ ಒಂದು ನೋಟ ಸಾಮಾನ್ಯ. ಗಿಡದ ಕೆಳಭಾಗ ಬೋಳಾಗಿರುತ್ತದೆ, ತುದಿಯಲ್ಲಿ ನಾಲ್ಕಾರು ಎಲೆ ಉಳಿದಿರುತ್ತವೆ, ಸಾಲಿನ ನಡುವೆ ಒಣಗಿದ ಎಲೆಗಳ ಹಾಸು ಬಿದ್ದಿರುತ್ತದೆ. ಎಲೆ ಉದುರಿತು, ಕಾಯಿ ಬಲಿತಿತು ಎಂದುಕೊಂಡು ರೈತರು ಕೀಳಲು ಆಳುಗಳನ್ನು ಗೊತ್ತು ಮಾಡುತ್ತಾರೆ. ಕಿತ್ತು ನೋಡಿದರೆ ಜೊಳ್ಳು ಕಾಯಿ, ಸುಕ್ಕುಗಟ್ಟಿದ ಬೀಜ. ಬೀಜ ಕೆಟ್ಟದೆಂದೋ ಗೊಬ್ಬರ ಸಾಲಲಿಲ್ಲವೆಂದೋ ದೂರು ಬರುತ್ತದೆ. ಆದರೆ ಬಹುಪಾಲು ಸಂದರ್ಭಗಳಲ್ಲಿ ಎಲೆ ಉದುರಿಸಿದ್ದು ಬೆಳೆಯ ಮಾಗುವಿಕೆಯಲ್ಲ, ಟಿಕ್ಕಾ ಎಂದು ಹೆಸರಾದ ಎಲೆಚುಕ್ಕೆ ರೋಗ. ಎಲೆ ಗಿಡದ ಅಡುಗೆಮನೆ. ಕಾಯಿ ತುಂಬುವ ಕಾಲದಲ್ಲಿಯೇ ಅದು ಮುಚ್ಚಿಹೋದರೆ ಬೀಜಕ್ಕೆ ಆಹಾರ ಎಲ್ಲಿಂದ ಬರಬೇಕು? ರೋಗ ತೀವ್ರವಾಗಿ, ತುಕ್ಕುರೋಗವೂ ಜೊತೆಗೂಡಿದರೆ ಅರ್ಧದಷ್ಟು ಇಳುವರಿ ನಷ್ಟವಾಗುವುದುಂಟು. ಮೇವಿಗಾಗುವ ಬಳ್ಳಿಯ ನಷ್ಟ ಬೇರೆ.

ಟಿಕ್ಕಾ ಎಂಬುದು ಒಂದು ರೋಗವಲ್ಲ, ಎರಡು. ಇವೆರಡನ್ನೂ ಉಂಟುಮಾಡುವ ಶಿಲೀಂಧ್ರಗಳು ಬೇರೆ ಬೇರೆ. ಅವುಗಳ ಶಾಸ್ತ್ರೀಯ ಹೆಸರುಗಳು ಹಲವು ಸಲ ಬದಲಾಗಿವೆ. ಹೊಲದಲ್ಲಿ ಅದರ ಗೊಡವೆ ಬೇಡ. ಮುಂಚಿನ ಎಲೆಚುಕ್ಕೆ ಬಿತ್ತನೆಯಾದ ಸುಮಾರು ಒಂದು ತಿಂಗಳಿಗೆ ಕೆಳಗಿನ ಎಲೆಗಳ ಮೇಲೆ ಕಾಣಿಸಿಕೊಳ್ಳುತ್ತದೆ. ಚುಕ್ಕೆ ದುಂಡಾಗಿ ಅಥವಾ ಸ್ವಲ್ಪ ಅಂಕುಡೊಂಕಾಗಿದ್ದು, ಎಲೆಯ ಮೇಲ್ಭಾಗದಲ್ಲಿ ಕೆಂಗಂದು ಬಣ್ಣ, ಸುತ್ತಲೂ ಹಳದಿ ಉಂಗುರ. ಎಲೆಯನ್ನು ಮಗುಚಿ ನೋಡಿದರೆ ಅದೇ ಚುಕ್ಕೆ ತಿಳಿಗಂದು. ತಡವಾದ ಎಲೆಚುಕ್ಕೆ ಸಾಮಾನ್ಯವಾಗಿ ಒಂದೂವರೆ–ಎರಡು ತಿಂಗಳ ನಂತರ ಬರುತ್ತದೆ. ಇದರ ಚುಕ್ಕೆ ಚಿಕ್ಕದು, ಹೆಚ್ಚು ದುಂಡು, ಹೆಚ್ಚು ಕಪ್ಪು. ಹಳದಿ ಉಂಗುರ ಇಲ್ಲದೆ ಇರಬಹುದು, ಇದ್ದರೂ ಮಸುಕು. ಎಲೆಯ ಅಡಿಯಲ್ಲಿ ಚುಕ್ಕೆ ಇದ್ದಿಲಿನಂತೆ ಕಪ್ಪಾಗಿದ್ದು, ಮುಟ್ಟಿದರೆ ಒರಟು. ಭೂತಗನ್ನಡಿಯಲ್ಲಿ ನೋಡಿದರೆ ಶಿಲೀಂಧ್ರದ ಬೀಜಕಣಗಳ ಗುಂಪು ಉಂಗುರ ಉಂಗುರವಾಗಿ ಕಾಣುತ್ತದೆ. ಹಳದಿ ಉಂಗುರವೊಂದನ್ನೇ ನಂಬಿ ತೀರ್ಮಾನಿಸುವುದು ಸರಿಯಲ್ಲ. ತಳಿ, ಹವೆಗೆ ತಕ್ಕಂತೆ ಅದು ಬದಲಾಗುತ್ತದೆ. ಎಲೆಯ ಅಡಿಭಾಗವೇ ಹೆಚ್ಚು ನಂಬಿಕೆಯ ಸಾಕ್ಷಿ. ಚುಕ್ಕೆಗಳು ಎಲೆಯಲ್ಲೇ ನಿಲ್ಲದೆ ತೊಟ್ಟು, ಕಾಂಡ, ಕಾಯಿಯ ಊಡುಗಳಿಗೂ ಹರಡುತ್ತವೆ.

ಬೇರೆ ತೊಂದರೆಗಳನ್ನು ಟಿಕ್ಕಾ ಎಂದು ತಿಳಿದು ಔಷಧಿಗೆ ಹಣ ಹಾಕುವವರೂ ಇದ್ದಾರೆ. ಎಲೆಯಡಿಯಲ್ಲಿ ಕಿತ್ತಳೆ ಬಣ್ಣದ ಸಣ್ಣ ಗುಳ್ಳೆಗಳಿದ್ದು, ಉಜ್ಜಿದಾಗ ಬೆರಳಿಗೆ ಪುಡಿ ಅಂಟಿದರೆ ಅದು ತುಕ್ಕುರೋಗ. ಎಳೆಯ ಎಲೆಗಳು ನರ ಹಸಿರಾಗಿ ಉಳಿದು ನಡುವೆ ಹಳದಿಯಾದರೆ, ಅದೂ ಸುಣ್ಣದಂಶ ಹೆಚ್ಚಿರುವ ಕಪ್ಪು ನೆಲದಲ್ಲಿ, ಅದು ಕಬ್ಬಿಣದ ಕೊರತೆ. ಎಲೆ ಬೊಬ್ಬೆಯೆದ್ದು ಮಡಿಚಿಕೊಂಡು, ಬಿಡಿಸಿದಾಗ ಒಳಗೆ ಹುಳು ಸಿಕ್ಕರೆ ಅದು ಸುರುಳಿಪೂಚಿಯ ಕೆಲಸ. ಕೊನೆಯ ಎರಡಕ್ಕೂ ಶಿಲೀಂಧ್ರನಾಶಕದಿಂದ ಏನೂ ಆಗದು.

ರೋಗ ಎಲ್ಲಿಂದ ಬರುತ್ತದೆ? ಹಿಂದಿನ ವರ್ಷ ಹೊಲದಲ್ಲಿ ಬಿದ್ದ ಎಲೆ, ಕಡ್ಡಿಗಳಿಂದ, ಮತ್ತು ನೆಲದಲ್ಲಿ ಉಳಿದ ಕಾಯಿ ಮೊಳೆತು ತಾನಾಗಿ ಎದ್ದ ಗಿಡಗಳಿಂದ. ಬೀಜಕಣಗಳು ಗಾಳಿಯಲ್ಲಿ, ಮಳೆಹನಿಯ ಸಿಡಿತದಲ್ಲಿ ಸಾಗುತ್ತವೆ. ಹವೆ 25ರಿಂದ 30 ಡಿಗ್ರಿ ಸೆಲ್ಸಿಯಸ್ ಇದ್ದು, ಜಡಿಮಳೆಯಿಂದಲೋ ಇಬ್ಬನಿಯಿಂದಲೋ ಎಲೆ ಹತ್ತಾರು ಗಂಟೆ ಒದ್ದೆಯಾಗಿದ್ದರೆ ರೋಗಕ್ಕೆ ಹಬ್ಬ. ಕಡಲೆಕಾಯಿಯ ಮೇಲೆ ಕಡಲೆಕಾಯಿ ಬೆಳೆಯುತ್ತಾ ಹೋಗುವ ತಾಕುಗಳಲ್ಲಿ ಅದು ಬೇಗ ಬರುವುದು ಇದೇ ಕಾರಣಕ್ಕೆ. ರಾಗಿ, ಜೋಳ, ಸಜ್ಜೆಯಂಥ ಬೆಳೆಯೊಡನೆ ಬದಲಿಸಿ, ಮಾಗಿ ಉಳುಮೆಯಿಂದ ಕಸಕಡ್ಡಿಯನ್ನು ಮಣ್ಣಿನೊಳಗೆ ಮುಚ್ಚಿದರೆ ಅರ್ಧ ಯುದ್ಧ ಗೆದ್ದಂತೆ. ಬೀಜೋಪಚಾರ ಬುಡಕೊಳೆ ರೋಗಕ್ಕೆ ಬಹಳ ಒಳ್ಳೆಯದು. ಆದರೆ ಎರಡು ತಿಂಗಳ ನಂತರದ ಎಲೆಚುಕ್ಕೆಯನ್ನು ಅದು ತಡೆಯುವುದಿಲ್ಲ.

ತಳಿಯ ಮಾತು. ತಮಿಳುನಾಡಿನ ತಿಂಡಿವನದಿಂದ ಬಂದ ಟಿ.ಎಂ.ವಿ.–2 ತಳಿ ನಮ್ಮ ರೈತರಿಗೆ ಅಚ್ಚುಮೆಚ್ಚು, ಆದರೆ ಈ ರೋಗಕ್ಕೆ ಸುಲಭದ ತುತ್ತು. ಧಾರವಾಡ ಕೃಷಿ ವಿಶ್ವವಿದ್ಯಾನಿಲಯದ ಜಿ.ಪಿ.ಬಿ.ಡಿ.–4 ತಳಿಗೆ ತಡವಾದ ಎಲೆಚುಕ್ಕೆ, ತುಕ್ಕು ಎರಡನ್ನೂ ತಡೆಯುವ ಶಕ್ತಿಯಿದೆ. ಪ್ರತಿವರ್ಷ ಎಲೆ ಕಳೆದುಕೊಳ್ಳುವ ಹೊಲದವರು ಕೊಂಚ ಜಾಗದಲ್ಲಾದರೂ ಇದನ್ನು ಬಿತ್ತಿ ನೋಡುವುದು ಲೇಸು.

ಸಿಂಪರಣೆಗೆ ಕಾದು ಕೂರಬಾರದು. ಸತ್ತ ಚುಕ್ಕೆಯನ್ನು ಯಾವ ಔಷಧಿಯೂ ಮತ್ತೆ ಹಸಿರು ಮಾಡದು; ಅದು ಉಳಿಸುವುದು ಇನ್ನೂ ರೋಗ ತಗಲದ ಎಲೆಯನ್ನು. ಬಿತ್ತಿದ ಮೂವತ್ತು–ಮೂವತ್ತೈದು ದಿನಗಳಲ್ಲಿ, ಕೆಳಗಿನ ಎಲೆಗಳಲ್ಲಿ ಮೊದಲ ಚುಕ್ಕೆ ಕಂಡೊಡನೆ, ಒಂದು ಲೀಟರ್ ನೀರಿಗೆ 2 ಗ್ರಾಂ ಮ್ಯಾಂಕೋಜೆಬ್ ಅಥವಾ 2 ಗ್ರಾಂ ಕ್ಲೋರೋಥಲೋನಿಲ್ ಬೆರೆಸಿ ಸಿಂಪಡಿಸಬೇಕು. ಮೋಡದ ವಾತಾವರಣ ಮುಂದುವರಿದರೆ ಹದಿನೈದು ದಿನಗಳ ನಂತರ ಮತ್ತೊಮ್ಮೆ, ಈ ಸಲ ಅಂತರ್ವ್ಯಾಪಿಯಾದ ಟೆಬುಕೊನಜೋಲ್ ಅನ್ನು ಲೀಟರಿಗೆ 1 ಮಿ.ಲೀ. ಪ್ರಮಾಣದಲ್ಲಿ. ಇದು ತುಕ್ಕಿಗೂ ಆಗುತ್ತದೆ. ಕಾರ್ಬೆಂಡಜಿಮ್ ಒಂದನ್ನೇ ಮೇಲಿಂದ ಮೇಲೆ ಹೊಡೆಯುವ ಅಭ್ಯಾಸ ಬಿಡಬೇಕು. ಅದೇ ಗುಂಪಿನ ಬೆನೋಮಿಲ್ ಔಷಧಿಯನ್ನು ಹೀಗೆ ಬಳಸಿದ ಅಮೆರಿಕದ ಆಗ್ನೇಯ ಭಾಗದಲ್ಲಿ 1970ರ ದಶಕದಲ್ಲಿಯೇ ಶಿಲೀಂಧ್ರ ಅದಕ್ಕೆ ಜಗ್ಗದಂತಾಯಿತು. ಪೂರ್ಣ ಬೆಳೆದ ಬೆಳೆಗೆ ಎಕರೆಗೆ ಸುಮಾರು 200 ಲೀಟರ್ ದ್ರಾವಣ ಬೇಕು, ಕೆಳ ಎಲೆಗಳ ಅಡಿಭಾಗ ನೆನೆಯಬೇಕು. ಮೇಲಿಂದ ಮೇಲೆ ತೋಕಿ ಹೋದ ಸಿಂಪರಣೆ ದುಡ್ಡು ಸುರಿದಂತೆ. ಮಳೆ ಕೈಕೊಟ್ಟು ಎಲೆ ಒಣಗಿಯೇ ಇರುವ ವರ್ಷದಲ್ಲಿ ಸಿಂಪರಣೆಯ ಗೋಜಿಗೆ ಹೋಗದಿರುವುದೇ ಜಾಣತನ. ಮೂಗು–ಬಾಯಿಗೆ ಬಟ್ಟೆ ಕಟ್ಟಿಕೊಂಡು, ಗಾಳಿಗೆ ಬೆನ್ನು ಮಾಡಿ ಸಿಂಪಡಿಸಬೇಕು. ಕೊಯ್ಲಿಗೆ ಎಷ್ಟು ದಿನ ಮೊದಲು ನಿಲ್ಲಿಸಬೇಕೆಂದು ಪೊಟ್ಟಣದ ಮೇಲೆ ಬರೆದಿರುತ್ತದೆ, ಓದಿಸಿಕೊಳ್ಳಬೇಕು. ಹಸಿಬಳ್ಳಿಯನ್ನು ಸಿಂಪಡಿಸಿದ ಕೂಡಲೇ ದನಕ್ಕೆ ಹಾಕಬಾರದು.

ಇನ್ನು ಕೀಳುವ ಕಾಲ. ಹೊಲದ ನಾಲ್ಕಾರು ಕಡೆ ಗಿಡ ಕಿತ್ತು ಕಾಯಿ ಒಡೆದು ನೋಡಬೇಕು. ಬಲಿತ ಕಾಯಿಯ ಸಿಪ್ಪೆಯ ಒಳಮೈ ಕಂದು ಅಥವಾ ಕಪ್ಪು ಬಣ್ಣಕ್ಕೆ ತಿರುಗಿರುತ್ತದೆ, ಎಳೆಯದರಲ್ಲಿ ಬೆಳ್ಳಗಿರುತ್ತದೆ. ನಾಲ್ಕರಲ್ಲಿ ಮೂರು ಕಾಯಿ ಹೀಗೆ ತಿರುಗಿದ್ದರೆ ಬೆಳೆ ಮಾಗಿದೆ, ಎಲೆ ಇರಲಿ ಬಿಡಲಿ. ಎಲೆ ಬಹುಪಾಲು ಉದುರಿ, ಊಡುಗಳಿಗೂ ಚುಕ್ಕೆ ಹತ್ತಿದ್ದರೆ ಮಾತ್ರ ಲೆಕ್ಕ ಬೇರೆ. ಊಡು ಸಡಿಲಾಗಿ, ಕೀಳುವಾಗ ಬಲಿತ ಕಾಯಿ ಮಣ್ಣಿನಲ್ಲೇ ಉಳಿಯುತ್ತದೆ. ಅಂಥ ಹೊಲದಲ್ಲಿ ಎಳೆಯ ಕಾಯಿ ತುಂಬಲೆಂದು ಕಾಯುತ್ತಾ ಬಲಿತದ್ದನ್ನು ಕಳೆದುಕೊಳ್ಳುವುದಕ್ಕಿಂತ, ಎರಡು ದಿನಕ್ಕೊಮ್ಮೆ ಗಿಡ ಕಿತ್ತು ನೋಡಿ, ಕಾಯಿ ಕಳಚತೊಡಗಿದೊಡನೆ ಕಿತ್ತುಬಿಡಬೇಕು.